ಅವ್ವನ ಕೈಯ ಕಸುವು ಅಳೆಸು

ತಮ್ಮಾ, ಅವ್ವ ಫೋನಿನಲ್ಲಿ "ಕೈಯಾಗ ಕಸುವಿಲ್ಲಪ್ಪಾ, ರೊಟ್ಟಿ ಬಡಿಯಾಕ ಆಗವಲ್ದು" ಅಂದರೆ, "ವಯಸ್ಸಾತಲ್ಲವ್ವಾ" ಅಂತ ಮಾತು ಮುಗಿಸಬೇಡ. ನಮ್ಮೂರು ಇಜೇರಿಯಲ್ಲಿ ಜೋಳದ ಹಿಟ್ಟು ನಾದಲು ಅಂಗೈಗೆ ಬಲ ಬೇಕು, ಹರಿಯದಂತೆ ರೊಟ್ಟಿ ತಿರುಗಿಸುತ್ತ ಬಡಿಯಲು ಬೆರಳಿಗೆ ಚಳಕ ಬೇಕು. ಇವೆರಡನ್ನೂ ಅಳೆಯಲು ಬರುತ್ತದೆ.

ಹಿಡಿತದ ಬಲ ಅಳೆಯುವುದಕ್ಕೆ ಡೈನಮೋಮೀಟರ್ ಇದೆ. ಕುಳಿತು, ಮೊಣಕೈ ಮಡಚಿ, ಶಕ್ತಿಯೆಲ್ಲ ಹಾಕಿ ಹಿಸುಕಿದರೆ ಎಷ್ಟು ಕೆ.ಜಿ. ಎಂದು ತೋರಿಸುತ್ತದೆ. ಐವತ್ತು ದಾಟಿದ ಮೇಲೆ ಎಲ್ಲರ ಹಿಡಿತವೂ ಇಳಿಯುತ್ತದೆ, ನಿಜ. ಆದರೆ ಇಳಿತಕ್ಕೂ ಒಂದು ಮಿತಿಯಿದೆ. ಏಷ್ಯಾದ ತಜ್ಞರು 2019ರಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕೆ.ಜಿ. ಎಂದು ಗೆರೆ ಹಾಕಿದ್ದಾರೆ. ಅದಕ್ಕಿಂತ ಕೆಳಗಿದ್ದರೆ ಸ್ನಾಯು ಸೊರಗುತ್ತಿದೆಯೇ ಎಂದು ವೈದ್ಯರು ನೋಡಬೇಕು. ಇದನ್ನು ಹಗುರವಾಗಿ ಎಣಿಸಬೇಡ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ನೋಡಿದ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಹಿಡಿತ ಪ್ರತಿ 5 ಕೆ.ಜಿ. ಕಡಿಮೆಯಾದಂತೆ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು.

ಚಳಕದ ಲೆಕ್ಕ ಬೇರೆ. ಒಂಬತ್ತು ಸಣ್ಣ ಗೂಟಗಳನ್ನು ಒಂಬತ್ತು ತೂತಿನಲ್ಲಿ ಒಂದೊಂದಾಗಿ ಇಟ್ಟು ತೆಗೆಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡುತ್ತಾರೆ. ಇದರಲ್ಲಿ ಹೆಂಗಸರೇ ಸಾಮಾನ್ಯವಾಗಿ ತುಸು ಮುಂದು. ಕಾಯಿಯೊಡೆದ ಹತ್ತಿಯನ್ನು ಸಿಪ್ಪೆ ತಾಗದಂತೆ ಬಿಡಿಸುವ, ಕೌದಿಗೆ ಸಣ್ಣ ಹೊಲಿಗೆ ಹಾಕುವ ನಮ್ಮ ಹೆಣ್ಣುಮಕ್ಕಳ ಬೆರಳು ನೋಡಿದವರಿಗೆ ಇದು ಸೋಜಿಗವೇನಲ್ಲ. ಹಾಗಾಗಿ ಅವ್ವನ ಕೈಯನ್ನು ಅಪ್ಪನ ಕೈಯೊಂದಿಗೆ ತೂಗಬೇಡ. ಅವಳ ಈ ವರ್ಷದ ಅಳತೆಯನ್ನು ಅವಳದೇ ಮುಂದಿನ ವರ್ಷದ್ದಕ್ಕೆ ಹೋಲಿಸು. ಮನೆಯಲ್ಲಿ ಒಂಬತ್ತು ತೊಗರಿಕಾಳು ಒಂದೊಂದಾಗಿ ಬಟ್ಟಲಿಗೆ ಹಾಕಿಸಿ ಸಮಯ ಬರೆದಿಟ್ಟರೂ ಅಂದಾಜು ಸಿಗುತ್ತದೆ.

ಬೆರಳು ಜುಮ್ಮೆನ್ನುತ್ತಿದ್ದರೆ ಸಕ್ಕರೆ ಕಾಯಿಲೆಯ ತಪಾಸಣೆಯೂ ಆಗಲಿ. ಕೈಗೆ ಕಸುವು ಬರಬೇಕಾದರೆ ಊಟವೂ ಸರಿಯಿರಬೇಕು. ಮನೆಮಂದಿಗೆಲ್ಲ ಬಡಿಸಿ ಉಳಿದ ತಿಳಿಸಾರನ್ನು ತಾನು ಉಣ್ಣುವುದು ಅವ್ವನ ರೂಢಿ. ಗಟ್ಟಿ ಬೇಳೆ, ಶೇಂಗಾ, ಮೊಳಕೆಕಾಳು ಅವಳ ತಾಟಿಗೂ ಬೀಳಬೇಕು. ಒಂದು ಕೈ ಏಕಾಏಕಿ ಸೋತರೆ ಮಾತ್ರ ಅಳತೆ ಗಿಳತೆ ಬೇಡ, ಅದು ಲಕ್ವ ಇರಬಹುದು, ತಕ್ಷಣ 108ಕ್ಕೆ ಫೋನ್ ಮಾಡಿಸು.

ಎಳ್ಳ ಅಮಾವಾಸ್ಯೆಗೆ ಊರಿಗೆ ಬರುತ್ತೀಯಲ್ಲ, ಚರಗ ಚೆಲ್ಲಿದ ಮರುದಿನವೇ ಅವ್ವನನ್ನು ಕಲಬುರಗಿಗೆ ಕರೆದೊಯ್ದು ಫಿಸಿಯೋಥೆರಪಿಯವರ ಹತ್ತಿರ ಕೈ ಅಳೆಸು.