ಉತ್ತರವನ್ನು ತಡೆದು ಹಿಡಿಯಿರಿ

ಐದನೆಯ ತರಗತಿಯವರಿಗೆ ನೀವು ಎರಡು ದಿನ ಪಾಠ ಮಾಡಬೇಕಾಗಿದೆ ಎಂದುಕೊಳ್ಳಿ. ವಿಷಯ, ನಮ್ಮ ಕಾಸರಗೋಡಿನ ಸುರಂಗಗಳು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಈ ಬಿಲಗಳಿಂದ ಹಗ್ಗ, ಪಂಪು ಏನೂ ಇಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಏಕೆ? ಇಷ್ಟು ಕೇಳಿ ಸುಮ್ಮನಾಗಿ. ಮಕ್ಕಳ ಊಹೆಗಳನ್ನೆಲ್ಲ, ತಪ್ಪಾದುದನ್ನೂ, ದೊಡ್ಡ ಹಾಳೆಯಲ್ಲಿ ಬರೆದಿಡಿ.

ಮುಂದಿನದು ಹುಡುಕಾಟ. ಹೆಚ್ಚು ಹೊತ್ತು ಇದಕ್ಕೇ ಬೇಕು. ಪ್ರತಿ ಗುಂಪಿಗೆ ಒಣಗಿದ ಮುರಕಲ್ಲಿನ ತುಂಡೊಂದು, ಕರಿಕಲ್ಲಿನ ತುಂಡೊಂದು ಕೊಡಿ. ತೂಗಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಮರುದಿನ ಒರೆಸಿ ಮತ್ತೆ ತೂಗಲಿ. (ಅಂಗಡಿಯ ತಕ್ಕಡಿ ಸಾಕು.) ಮುರಕಲ್ಲಿನ ತೂಕ ಏರಿರುತ್ತದೆ, ಕರಿಕಲ್ಲಿನದು ಹೆಚ್ಚುಕಡಿಮೆ ಹಾಗೆಯೇ. ಈಗ ನಿಮ್ಮ ನಾಲಿಗೆ ತುರಿಸುತ್ತದೆ. ತಡೆಯಿರಿ! ಕಾರಣವನ್ನು ಮೊದಲು ಅವರು ತಮ್ಮ ಮಾತಿನಲ್ಲಿ ಹೇಳಲಿ.

ಆಮೇಲೆ ನಿಮ್ಮ ವಿವರಣೆ: ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಜೇಡಿಪದರದ ಮೇಲೆ ತಂಗುತ್ತದೆ, ಸುರಂಗ ಅದಕ್ಕೆ ಹೊರದಾರಿ. 'ಅಂತರ್ಜಲ' ಎಂಬ ಪದವನ್ನು ಇಲ್ಲಿ ಕೊಡಿ, ಮೊದಲೇ ಅಲ್ಲ.

ಈ ಕ್ರಮವನ್ನು 1987ರಲ್ಲಿ ಅಮೆರಿಕದ ರಾಜರ್ ಬೈಬಿ ಮತ್ತು ಸಂಗಡಿಗರು ಐದು ಹಂತಗಳಾಗಿ ರೂಪಿಸಿದರು. ಕುತೂಹಲ, ಹುಡುಕಾಟ, ವಿವರಣೆ ಆಯಿತು. ನಾಲ್ಕನೆಯದು ವಿಸ್ತರಣೆ, ಎಂದರೆ ಕಲಿತದ್ದನ್ನು ಹೊಸ ಸಂದರ್ಭಕ್ಕೆ ಹಚ್ಚುವುದು. ಗುಡ್ಡದ ನೆತ್ತಿಯ ಮುರಕಲ್ಲನ್ನೆಲ್ಲ ಕಡಿದು ಸಾಗಿಸಿದರೆ ಕೆಳಗಿನ ಮನೆಯ ಸುರಂಗ ಏನಾದೀತು? ಪುಸ್ತಕದಲ್ಲಿ ಉತ್ತರವಿಲ್ಲ, ಮಕ್ಕಳು ವಾದಿಸಲಿ.

ಕೊನೆಯದು ಮೌಲ್ಯಮಾಪನ. ಮೊದಲ ದಿನದ ಹಾಳೆಯನ್ನು ಬಿಡಿಸಿ. ಯಾವ ಊಹೆ ಉಳಿಯಬೇಕು, ಯಾವುದನ್ನು ಹೊಡೆದುಹಾಕಬೇಕು, ಏಕೆ ಎಂದು ಅವರೇ ಹೇಳಲಿ.