ಎನ್.ಎ. ಆದರೆ ಸಾಲದು, ನಕ್ಷೆಯೂ ಬೇಕು

ಯರಗಟ್ಟಿ ತಾಲ್ಲೂಕು ಕೇಂದ್ರವಾದ ಮೇಲೆ ನೌಕರಿಗೆ ಬರುವವರಿಗೆ ಬಾಡಿಗೆ ಮನೆ ಬೇಕು. ಒಂದೇ ಪ್ಲಾಟಿನಲ್ಲಿ ನಾಲ್ಕಾರು ಮನೆ ಕಟ್ಟುವುದು ತಪ್ಪಲ್ಲ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊಲ ಎನ್.ಎ. (ಕೃಷಿಯೇತರ) ಆಯಿತೆಂದರೆ ಜಮೀನಿನ ಬಳಕೆ ಬದಲಾಯಿತು, ಅಷ್ಟೇ. ಎಷ್ಟು ಮಹಡಿ, ಸುತ್ತ ಎಷ್ಟು ಜಾಗ, ವಾಹನ ನಿಲ್ಲುವುದೆಲ್ಲಿ ಎಂಬುದಕ್ಕೆ ಮಂಜೂರಾದ ಕಟ್ಟಡ ನಕ್ಷೆಯೇ ಆಧಾರ. ‘ನನ್ನ ಜಾಗ, ಕೇಳುವವರಾರು?’ ಎನ್ನಬಹುದು. ಜಾಗ ನಿಮ್ಮದೇ, ಆದರೆ ಗಟಾರು, ನಳದ ನೀರು, ಓಣಿಯ ದಾರಿ ಎಲ್ಲರವು. ನಿಯಮ ಪಾಲಿಸಿದರೆ ಖರ್ಚು ಹೆಚ್ಚುತ್ತದೆಂಬುದೂ ನಿಜ. ಆದರೆ ನಕ್ಷೆಯಿಲ್ಲದೆ ಕಟ್ಟಿದ್ದನ್ನು ಒಡೆಯಬೇಕಾಗಿ ಬಂದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. 500 ಚದರ ಮೀಟರ್ ಮೀರಿದ ಜಾಗದಲ್ಲಿ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಕಟ್ಟಿ ಮಾರುವುದಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿಯೂ ಕಡ್ಡಾಯ. ಆದ್ದರಿಂದ ಬುನಾದಿ ತೋಡುವ ಮುನ್ನವೇ ನಕ್ಷೆ ಮಂಜೂರು ಮಾಡಿಸಿಕೊಳ್ಳಿ. ಕೊಳ್ಳುವವರು ಆ ನಕ್ಷೆ ನೋಡದೆ ಮುಂಗಡ ಕೊಡಬೇಡಿ.