ಕೈಬಿಟ್ಟೊಡನೆ ನಿಲ್ಲುವ ಗಾಡಿ

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಹರಳುಗಳಿಗೆ ಸಾಣೆ ಹಿಡಿಯುವ ಕುಶಲಕರ್ಮಿಗಳ ಊರೆಂದು ಹೆಸರಾಗಿದೆ. ತಿರುಗುವ ಸಾಣೆಗೆ ಹರಳನ್ನು ಹಗುರವಾಗಿ ತಾಗಿಸಿದರೆ ಹೊಳಪು ಏರುತ್ತದೆ. ಬಲವಾಗಿ ಒತ್ತಿದರೆ ಸಾಣೆಯ ವೇಗ ಕುಂದುತ್ತದೆ, ಹರಳು ಬಿಸಿಯಾಗುತ್ತದೆ. ಘರ್ಷಣೆಯು ಚಲನೆಯನ್ನು ಶಾಖವನ್ನಾಗಿ ಮಾರ್ಪಡಿಸುವ ಈ ಕ್ರಿಯೆಯೇ ಗಾಡಿಗಳ ಸಾಮಾನ್ಯ ಬ್ರೇಕುಗಳಿಗೂ ಆಧಾರ. ಸಾಣೆಯ ಮುಂದೆ ಒತ್ತುವ ಕೈ ಸದಾ ಇರುತ್ತದೆ. ಇಳಿಜಾರಿನಲ್ಲಿ ತಳ್ಳುಗಾಡಿ ನೂಕುವವನ ಕೈ ತಪ್ಪಿದರೆ ಒತ್ತುವವರಾರು?

ಹೇರು ಸಹಿತ 200 ಕಿಲೋಗ್ರಾಂ ತೂಗುವ ಗಾಡಿಯೊಂದು 20ಕ್ಕೆ 1ರ ಇಳಿಜಾರಿನಲ್ಲಿ ನಿಂತಿದೆಯೆನ್ನೋಣ. ಅದನ್ನು ಕೆಳಕ್ಕೆಳೆಯುವ ಬಲವು 10 ಕಿಲೋಗ್ರಾಂ ತೂಕದಷ್ಟು ಮಾತ್ರ. ಶಾಲೆಯ ಹುಡುಗನೂ ತಡೆದು ನಿಲ್ಲಿಸಬಲ್ಲನು. ಗಾಡಿ ಕೈತಪ್ಪಿ ಓಡಿತೆಂದರೆ, ಗಾಲಿಯ ಉರುಳುಘರ್ಷಣೆಯನ್ನು ಲೆಕ್ಕಿಸದೆ ಹೇಳುವುದಾದರೆ, 10 ಮೀಟರು ಸಾಗುವಷ್ಟರಲ್ಲಿ ಅದರ ವೇಗ ಗಂಟೆಗೆ ಸುಮಾರು 11 ಕಿಲೋಮೀಟರು ಆಗಿರುತ್ತದೆ. ಆಗ ಅದನ್ನು ಅರ್ಧ ಮೀಟರಿನೊಳಗೆ ನಿಲ್ಲಿಸಲು 200 ಕಿಲೋಗ್ರಾಮಿಗೂ ಮೀರಿದ ಬಲ ಬೇಕು. ಅಡ್ಡ ನಿಂತ ಮನುಷ್ಯನಿಂದ ಅದು ಆಗದ ಕೆಲಸ. ಆದುದರಿಂದ ಬ್ರೇಕು ಮೊದಲ ಕ್ಷಣದಲ್ಲಿಯೇ, ಯಾರೂ ಹೇಳದೆಯೇ ಹಿಡಿಯಬೇಕು.

ತೇರು ಎಳೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಕ್ಕಬಳ್ಳಾಪುರದ ಸಮೀಪದ ನಂದಿಯಲ್ಲಿ ಮಹಾಶಿವರಾತ್ರಿಯ ಕಾಲಕ್ಕೆ ಭೋಗನಂದೀಶ್ವರನ ರಥೋತ್ಸವ ನಡೆಯುತ್ತದೆ. ಇಂತಹ ತೇರುಗಳಲ್ಲಿ ಹಗ್ಗಕ್ಕೆ ಕೈಹಚ್ಚುವವರು ನೂರಾರು ಮಂದಿ. ನಿಲ್ಲಿಸುವ ಹೊಣೆ ಮಾತ್ರ ಗಾಲಿಯ ಬಳಿ ಮರದ ಬೆಣೆ ಹಿಡಿದು ನಡೆಯುವ ಕೆಲವರದು. ಅವರ ಕೌಶಲ ದೊಡ್ಡದು. ಆದರೆ ಕೌಶಲ ತಪ್ಪಿದರೆ ಗಾಲಿಗೆ ಮೊದಲು ಸಿಕ್ಕುವವರೂ ಅವರೇ. ತಮಿಳುನಾಡಿನ ತಿರುವಾರೂರಿನ ಮಹಾರಥಕ್ಕೆ ತಿರುಚಿರಾಪಳ್ಳಿಯ ಬಿ.ಎಚ್.ಇ.ಎಲ್. ಕಾರ್ಖಾನೆಯವರು ಹೈಡ್ರಾಲಿಕ್ ಬ್ರೇಕು ಅಳವಡಿಸಿರುವರು. ತೇರಿನ ಕಳಸಕ್ಕೂ ಹೂವಿನ ಅಲಂಕಾರಕ್ಕೂ ಧಾರಾಳವಾಗಿ ಕೊಡುವ ದಾನಿಗಳು ಗಾಲಿಗಳ ಕಡೆಗೂ ಒಮ್ಮೆ ದೃಷ್ಟಿ ಹರಿಸುವುದು ಯೋಗ್ಯ.

ತಾನಾಗಿಯೇ ಹಿಡಿಯುವ ಬ್ರೇಕಿನ ತತ್ತ್ವವನ್ನು ರೈಲಿನಲ್ಲಿ ರೂಢಿಗೆ ತಂದವನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್. 1869ರ ಅವನ ಮೊದಲ ರಚನೆಯಲ್ಲಿ ಒತ್ತಡದ ಗಾಳಿಯನ್ನು ಕೊಳವೆಯ ಮೂಲಕ ಕಳುಹಿಸಿ ಬ್ರೇಕು ಹಾಕಬೇಕಾಗಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ! 1872ರಲ್ಲಿ ಅವನು ಕ್ರಮವನ್ನು ತಲೆಕೆಳಗು ಮಾಡಿದನು. ಕೊಳವೆಯಲ್ಲಿ ಒತ್ತಡವಿರುವವರೆಗೆ ಬ್ರೇಕು ಸಡಿಲವಾಗಿರುವುದು. ಒತ್ತಡ ಇಳಿದರೆ, ಡಬ್ಬಿಗಳ ಕೊಂಡಿ ಕಳಚಿ ಕೊಳವೆ ಹರಿದರೂ ಸಹ, ಪ್ರತಿಯೊಂದು ಡಬ್ಬಿಯ ಬ್ರೇಕೂ ಹಿಡಿಯುವುದು.

ಗಾಡಿಗೆ ಗಾಳಿಯ ಕೊಳವೆ ಬೇಕಾಗಿಲ್ಲ, ಒಂದು ಸ್ಪ್ರಿಂಗು ಸಾಕು. ಸ್ಪ್ರಿಂಗು ರಬ್ಬರಿನ ತುಂಡುಗಳನ್ನು ಎಡಬಲ ಗಾಲಿಗಳೆರಡಕ್ಕೂ ಸಮನಾಗಿ ಒತ್ತಿಕೊಂಡೇ ಇರುತ್ತದೆ. ಒಂದೇ ಗಾಲಿಯನ್ನು ಹಿಡಿದರೆ ಗಾಡಿ ಪಕ್ಕಕ್ಕೆ ತಿರುಗೀತು. ಮನುಷ್ಯನು ನೂಕುವಾಗ ಹಿಡಿಕೆಯನ್ನು ಅದುಮಿದರೆ ತಂತಿಯು ತುಂಡುಗಳನ್ನು ಹಿಂದಕ್ಕೆಳೆಯುತ್ತದೆ. ಯಂತ್ರಮಾನವನು ಎಳೆಯುವಾಗ ಅದರ ಕೊಂಡಿಯು ಅದೇ ತಂತಿಯನ್ನು ಎಳೆದು ಹಿಡಿದಿರಬೇಕು. ಇಬ್ಬರಲ್ಲಿ ಯಾರೂ ಇಲ್ಲದಾಗ ಗಾಡಿ ನಿಂತಿರುತ್ತದೆ.

ಇಲ್ಲಿ ಹೆಚ್ಚಿನ ವಿನ್ಯಾಸಕಾರರು ಎಡವುವುದು ಯಂತ್ರದಲ್ಲಲ್ಲ, ಮನುಷ್ಯನ ಕೈಯಲ್ಲಿ. ಸ್ಪ್ರಿಂಗು ಬಿರುಸಾದಷ್ಟೂ ಬ್ರೇಕು ಭದ್ರವೆಂಬುದು ನಿಜ. ಆದರೆ ದಿನವಿಡೀ ಅದುಮಿ ಕೈ ಸೋತವನು ಹಿಡಿಕೆಗೆ ಹಗ್ಗ ಸುತ್ತಿ ಕಟ್ಟಿಬಿಡುತ್ತಾನೆ. ಅಲ್ಲಿಗೆ ಬ್ರೇಕಿನ ಕಥೆ ಮುಗಿಯಿತು. ಅವನನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. ಕಾಯಕವನ್ನು ಗೌರವಿಸುವವರು ಕಾಯಕಜೀವಿಯ ಬೆರಳುಗಳನ್ನೂ ಗೌರವಿಸಬೇಕಾಗುತ್ತದೆ. ಸನ್ನೆಯ ತೋಳನ್ನು ಉದ್ದಮಾಡಿ, ತೀರ ದುರ್ಬಲವಾದ ಕೈಗೂ ಭಾರವೆನಿಸದಂತೆ ಹಿಡಿಕೆಯನ್ನು ರಚಿಸುವುದೇ ಈ ವಿನ್ಯಾಸದ ಕಠಿಣ ಭಾಗ.

2019ರಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯು ಬೆಂಗಳೂರಿನ ತನ್ನ ಕೇಂದ್ರವೊಂದರಲ್ಲಿ ಪೊಟ್ಟಣಗಳನ್ನು ವಿಂಗಡಿಸಲು ಯಂತ್ರಮಾನವಗಳನ್ನು ನಿಯೋಜಿಸಿತು. ಸಮತಟ್ಟಾದ ಒಣ ನೆಲದ ಮೇಲೆ ಅಂಥವು ಸಲೀಸಾಗಿ ನಿಲ್ಲುತ್ತವೆ. ಬೇರೆ ಗಾಡಿಯನ್ನು ಎಳೆಯಹೊರಟಾಗ ಸಮಸ್ಯೆ ಬದಲಾಗುತ್ತದೆ. 60 ಕಿಲೋಗ್ರಾಂ ತೂಗುವ ಯಂತ್ರವು ಮೇಲೆ ಹೇಳಿದ 200 ಕಿಲೋಗ್ರಾಮಿನ ಗಾಡಿಯನ್ನು ಅದೇ ಇಳಿಜಾರಿನಲ್ಲಿ ತಡೆಯಬೇಕಾದರೆ 13 ಕಿಲೋಗ್ರಾಂ ಬಲ ಬೇಕು. ಒದ್ದೆ ನೆಲದಲ್ಲಿ ಘರ್ಷಣಾಂಕ 0.2ಕ್ಕೆ ಇಳಿದರೆ ಅದರ ಗಾಲಿಗಳಿಗೆ ದೊರೆಯುವ ಹಿಡಿತ 12 ಮಾತ್ರ. ಯಂತ್ರದ ಬುದ್ಧಿ ಎಷ್ಟೇ ಚುರುಕಾಗಿರಲಿ, ಗಾಡಿ ಅದನ್ನು ನೂಕಿಕೊಂಡೇ ಕೆಳಗಿಳಿಯುತ್ತದೆ. ಆದ್ದರಿಂದ ಬ್ರೇಕು ಎಳೆಯುವ ಯಂತ್ರದಲ್ಲಿದ್ದರೆ ಸಾಲದು, ಗಾಡಿಯಲ್ಲಿಯೂ ಇರಬೇಕು; ಯಂತ್ರ ನಿಂತೊಡನೆ ಕೊಂಡಿಯು ತಂತಿಯನ್ನು ಸಡಿಲಿಸುವಂತೆಯೂ ಇರಬೇಕು.

ಶಾಲೆಯ ಕಾರ್ಯಾಗಾರದಲ್ಲಿ ಇದನ್ನು ಪರೀಕ್ಷಿಸಲು ಸೀಮೆಸುಣ್ಣವೂ ಅಳತೆಪಟ್ಟಿಯೂ ಸಾಕು. ತೂಕ ಗೊತ್ತಿರುವ ಮರಳುಚೀಲಗಳನ್ನು ಹೇರಿ, ಸಮನೆಲದ ಮೇಲೆ ನಡಿಗೆಯ ವೇಗದಲ್ಲಿ ನೂಕಿ, ಗೆರೆಯ ಬಳಿ ಹಿಡಿಕೆಯನ್ನು ಬಿಟ್ಟು, ಗಾಡಿ ನಿಂತ ದೂರವನ್ನು ಅಳೆಯಬೇಕು. ಅನಂತರ ಇಮ್ಮಡಿ ವೇಗದಲ್ಲಿ ನೂಕಿದರೆ ದೂರವು ನಾಲ್ಮಡಿಯಾಗುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವರು. ಕೊನೆಗೆ ನೆಲಕ್ಕೆ ನೀರು ಚಿಮುಕಿಸಿ, ಮೊದಲಿನಿಂದ ಮತ್ತೆ ಅಳೆಯಬೇಕು.